ಗೆರೆ ತಿದ್ದುವುದು ಯಾರ ಕೆಲಸ?

ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಪಾಠ ನಡೆದಿದೆ ಎಂದುಕೊಳ್ಳಿ. ಮೇಷ್ಟ್ರು ಟ್ಯಾಬ್ಲೆಟ್ಟಿನ ಮೇಲೆ ಡಿಜಿಟಲ್ ಪೆನ್ನಿನಿಂದ ಒಂದು ಇಳಿಜಾರು ಎಳೆದು, ಅದರ ಮೇಲೊಂದು ಪೆಟ್ಟಿಗೆ ಬರೆಯುತ್ತಾರೆ. ಘರ್ಷಣೆಯ ಪಾಠಕ್ಕೆ ಕಡಿದಾದ ಇಳಿಜಾರು ಬೇಕಿಲ್ಲ, ನಾಲ್ಕೈದು ಡಿಗ್ರಿ ಓರೆಯಿದ್ದರೆ ಸಾಕು. ಪೆನ್ನೆತ್ತಿದ್ದೇ ತಡ, ಯಂತ್ರ ಆ ಗೆರೆಯನ್ನು ‘ಸರಿ’ ಮಾಡಿಬಿಡುತ್ತದೆ. ಇಳಿಜಾರು ಅಂಗಾತ ಮಲಗುತ್ತದೆ. ಪೆಟ್ಟಿಗೆ ಇನ್ನು ಜಾರುವ ಮಾತೇ ಇಲ್ಲ. ಮಾರನೆಯ ದಿನ ಬೆಳಕಿನ ಪಾಠ. ಎರಡು ಕಮಾನುಗಳನ್ನು ತುದಿಗೆ ತುದಿ ಕೂಡಿಸಿ ಪೀನ ಮಸೂರ ಬರೆದರೆ ಪರದೆಯ ಮೇಲೆ ನಿಲ್ಲುವುದು ಚೂಪು ತುದಿಗಳೇ ಇಲ್ಲದ ದೀರ್ಘವೃತ್ತ. ಪಕ್ಕದ ತರಗತಿಯಲ್ಲಿ ಜೀವವಿಜ್ಞಾನದ ಮೇಡಂ ಬರೆದ ಅಮೀಬಾ ಅಚ್ಚುಕಟ್ಟಾದ ವೃತ್ತವಾಗಿ ಕೂತಿದೆ. ನಿಶ್ಚಿತ ಆಕಾರವಿಲ್ಲದಿರುವುದೇ ಇದರ ಲಕ್ಷಣ ಎಂದು ಮಕ್ಕಳಿಗೆ ಹೇಳಿಕೊಡಬೇಕಾದ ಜೀವಿ ಅದು!

ಪೆನ್ನು ಹಿಡಿದು ಬಳಸುವ ಕಂಪ್ಯೂಟರಿಗೆ ಇಲ್ಲಿ ಎರಡು ಕೆಲಸಗಳಿವೆ. ಒಂದು, ಗೀಚಿದ್ದು ಯಾವ ಆಕೃತಿ ಎಂದು ಗುರುತಿಸುವುದು. ಇನ್ನೊಂದು, ಗುರುತಿಸಿದ ಆಕೃತಿಗಳನ್ನು ಒಂದಕ್ಕೊಂದು ಹೊಂದಿಸಿ ಸಾಲಿಗೆ ತರುವುದು. ಮೊದಲನೆಯದು ಬಹುಮಟ್ಟಿಗೆ ಬಗೆಹರಿದ ಲೆಕ್ಕ. ಎರಡನೆಯದು ಅರವತ್ತು ವರ್ಷಗಳಿಂದ ಕಾಡುತ್ತಲೇ ಇದೆ, ಯಾಕೆಂದರೆ ಅಲ್ಲಿ ಗೆರೆಯನ್ನು ಓದಿದರೆ ಸಾಲದು, ಗೆರೆ ಎಳೆದವರ ಉದ್ದೇಶವನ್ನೂ ಓದಬೇಕು. ಉದ್ದೇಶ ತಿಳಿಯದ ಕಡೆ ಯಂತ್ರ ಕೈಕಟ್ಟಿ ಕೂರುವುದೇ ಲೇಸು ಎಂಬುದು ನನ್ನ ವಾದ. ಈ ಕ್ಷೇತ್ರದಲ್ಲಿ ಗೆದ್ದವರು, ಸೋತವರು ಇಬ್ಬರೂ ಆ ವಾದಕ್ಕೆ ಸಾಕ್ಷಿ ಒದಗಿಸಿದ್ದಾರೆ.

ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಪೆನ್ನು

1963. ಅಮೆರಿಕದ ಎಂಐಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಐವಾನ್ ಸದರ್ಲೆಂಡ್ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶವನ್ನು ಪ್ರಬಂಧವಾಗಿ ಒಪ್ಪಿಸಿದರು. ಅದು ಓಡುತ್ತಿದ್ದದ್ದು ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಎಂಬ ಭಾರೀ ಕಂಪ್ಯೂಟರಿನ ಮೇಲೆ. ಮಾರ್ಗದರ್ಶಕರು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್. ಮೌಸ್ ಎಂಬುದು ಜನರ ಕೈಗೆ ಬರಲು ಇನ್ನೂ ಎರಡು ದಶಕ ಬಾಕಿಯಿದ್ದ ಕಾಲದಲ್ಲಿ, ಪರದೆಯ ಬೆಳಕನ್ನು ಗ್ರಹಿಸುವ ಲೈಟ್ ಪೆನ್ ಹಿಡಿದು ನೇರ ಪರದೆಯ ಮೇಲೇ ಗೆರೆ ಎಳೆಯಬಹುದಿತ್ತು.

ಸದರ್ಲೆಂಡ್ ಪ್ರಬಂಧದಲ್ಲಿ ಕೊಟ್ಟ ಉದಾಹರಣೆ ಸೊಗಸಾಗಿದೆ. ಮೊದಲು ಹೇಗೆ ಬಂತೋ ಹಾಗೆ ಆರು ಗೆರೆಗಳ ಒಂದು ಸೊಟ್ಟ ಷಡ್ಭುಜ ಬರೆಯಿರಿ. ಹತ್ತಿರ ಒಂದು ವೃತ್ತ ಬರೆಯಿರಿ. ಷಡ್ಭುಜದ ಒಂದೊಂದೇ ಮೂಲೆಯನ್ನು ತೋರಿಸಿ ‘ಇದು ವೃತ್ತದ ಮೇಲಿರಲಿ’ ಎಂದು ಆಜ್ಞೆ ಕೊಡಿ. ಆಮೇಲೆ ‘ಆರೂ ಭುಜಗಳು ಸಮನಾಗಿರಲಿ’ ಎನ್ನಿ. ಗೆರೆಗಳು ತಾವೇ ಸರಿದಾಡಿ ಕರಾರುವಾಕ್ಕಾದ ಷಡ್ಭುಜವಾಗುತ್ತವೆ. ವೃತ್ತವನ್ನು ಅಳಿಸಿ, ಷಡ್ಭುಜವನ್ನು ನೂರಾರು ಬಾರಿ ನಕಲು ಮಾಡಿ ಜೇನುಗೂಡಿನ ವಿನ್ಯಾಸ ಪಡೆಯಬಹುದು. ಸಮಾನಾಂತರ, ಲಂಬ, ಸಮ ಉದ್ದ ಎಂಬ ಇಂಥ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸಲು ಸ್ಕೆಚ್‌ಪ್ಯಾಡ್ ಪ್ರತಿ ಬಿಂದುವನ್ನೂ ಸ್ವಲ್ಪಸ್ವಲ್ಪವೇ ಸರಿಸುತ್ತ, ಒಟ್ಟು ತಪ್ಪು ಕಡಿಮೆಯಾಗುತ್ತ ಹೋಗುವಂತೆ ನೋಡಿಕೊಳ್ಳುತ್ತಿತ್ತು.

ಒಂದು ಸಂಗತಿ ಇಲ್ಲಿ ಕಣ್ತಪ್ಪಬಾರದು. ಸ್ಕೆಚ್‌ಪ್ಯಾಡ್ ಏನನ್ನೂ ಊಹಿಸುತ್ತಿರಲಿಲ್ಲ. ಬಲಗೈಯ ಪೆನ್ನು ಜಾಗ ತೋರಿಸುತ್ತಿತ್ತು, ಎಡಗೈಯ ಗುಂಡಿಗಳು ಏನಾಗಬೇಕು ಎಂದು ಹೇಳುತ್ತಿದ್ದವು. ಪೆನ್ನು ಹಳೆಯ ಗೆರೆಯೊಂದರ ತುಂಬ ಹತ್ತಿರ ಬಂದರೆ ಮಾತ್ರ ಅದಕ್ಕೆ ಅಂಟಿಕೊಳ್ಳುತ್ತಿತ್ತು, ಅಷ್ಟೇ. 1988ರಲ್ಲಿ ಸದರ್ಲೆಂಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂದಿನ ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ಬಳಸುವ ನಕ್ಷೆಯ ತಂತ್ರಾಂಶಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆ ಪ್ರಬಂಧದ ಋಣದಲ್ಲಿವೆ.

ಊಹೆ ಶುರುವಾದದ್ದು ಅರವತ್ತರ ದಶಕದಲ್ಲೇ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿದ್ದ ರ‍್ಯಾಂಡ್ ಸಂಸ್ಥೆಯಲ್ಲಿ. 1964ರಲ್ಲಿ ಅಲ್ಲಿ ತಯಾರಾದ ರ‍್ಯಾಂಡ್ ಟ್ಯಾಬ್ಲೆಟ್ ಹತ್ತು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಹಲಗೆ. ಅದರೊಳಗೆ ನವಿರಾದ ತಾಮ್ರದ ಗೆರೆಗಳ ಜಾಲ. ಪೆನ್ನು ಎಲ್ಲಿದೆ ಎಂಬುದನ್ನು ಅದು ಹತ್ತು ಲಕ್ಷಕ್ಕೂ ಹೆಚ್ಚು ಸ್ಥಾನಗಳಲ್ಲಿ ಒಂದಾಗಿ ಹೇಳಬಲ್ಲದಾಗಿತ್ತು. ಅದರ ಮೇಲೆ ಟಾಮ್ ಎಲ್ಲಿಸ್ ಮತ್ತು ಸಂಗಡಿಗರು ಕಟ್ಟಿದ ‘ಗ್ರೇಲ್’ ವ್ಯವಸ್ಥೆಯ ಹಳೆಯ ಚಲನಚಿತ್ರ ಈಗಲೂ ನೋಡಸಿಗುತ್ತದೆ. ಕೈಯಲ್ಲಿ ಗೀಚಿದ ಸೊಟ್ಟ ಚೌಕಟ್ಟು ಪೆನ್ನೆತ್ತಿದೊಡನೆ ನೆಟ್ಟಗಿನ ಚೌಕಟ್ಟಾಗುತ್ತದೆ, ಒಳಗೆ ಬರೆದ ಅಕ್ಷರಗಳು ಅಚ್ಚಿನ ಅಕ್ಷರಗಳಾಗುತ್ತವೆ, ಬೇಡವಾದದ್ದರ ಮೇಲೆ ಗೀಚಿದರೆ ಅಳಿದುಹೋಗುತ್ತದೆ. ಐವತ್ತು ವರ್ಷಕ್ಕಿಂತ ಹಳೆಯದು ಎಂದು ನಂಬುವುದು ಕಷ್ಟ.

ಗ್ರೇಲ್ ಗೆದ್ದದ್ದು ಯಾಕೆ? ಅದು ಬರೆಯಲು ಕೊಡುತ್ತಿದ್ದದ್ದು ಪ್ರೋಗ್ರಾಮಿನ ಹಂತಗಳನ್ನು ತೋರಿಸುವ ಫ್ಲೋಚಾರ್ಟನ್ನು ಮಾತ್ರ. ಅಲ್ಲಿ ಆಕೃತಿಗಳು ಬೆರಳೆಣಿಕೆಯಷ್ಟು. ಓರೆ ಚೌಕಟ್ಟಿಗೆ ಫ್ಲೋಚಾರ್ಟಿನಲ್ಲಿ ಅರ್ಥವೇ ಇಲ್ಲ, ಹಾಗಾಗಿ ಓರೆಯನ್ನು ನೇರ ಮಾಡಿದರೆ ಯಾರೂ ತಕರಾರು ಮಾಡುವುದಿಲ್ಲ. ಅಮೀಬಾ ಬರೆಯುವವರು ಆ ಹಲಗೆಯ ಹತ್ತಿರ ಸುಳಿಯಲಿಲ್ಲ.

ವೃತ್ತವೋ, ಚೌಕವೋ?

ಯಂತ್ರಕ್ಕೆ ಗೆರೆ ಎಂದರೆ ಗೆರೆಯಲ್ಲ, ಬಿಂದುಗಳ ಪಟ್ಟಿ. ಪೆನ್ನು ಪರದೆಗೆ ತಾಗಿದಾಗಿನಿಂದ ಎತ್ತುವವರೆಗೆ, ಸೆಕೆಂಡಿಗೆ ನೂರರಿಂದ ಇನ್ನೂರೈವತ್ತು ಸಲ, ಅದು ಎಲ್ಲಿದೆ, ಯಾವ ಕ್ಷಣದಲ್ಲಿದೆ ಎಂಬುದು ದಾಖಲಾಗುತ್ತದೆ. ಆ ಪಟ್ಟಿಯಲ್ಲಿ ಕಸವೂ ಇರುತ್ತದೆ. ಪೆನ್ನು ಊರುವಾಗ ಮತ್ತು ಎತ್ತುವಾಗ ಸಣ್ಣ ಕೊಕ್ಕೆಗಳು ಮೂಡುತ್ತವೆ. ಎಷ್ಟೇ ಗಟ್ಟಿ ಕೈಯಾದರೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ನವಿರಾಗಿ ನಡುಗುತ್ತಿರುತ್ತದೆ. ಅದು ಕಾಯಿಲೆಯಲ್ಲ, ಎಲ್ಲರ ಸ್ನಾಯುಗಳ ಸ್ವಭಾವ. ಮಣಿಕಟ್ಟನ್ನು ಊರಿ ಅಡ್ಡಗೆರೆ ಎಳೆದರೆ ಕೈ ಕೈವಾರದ ಹಾಗೆ ತಿರುಗುವುದರಿಂದ ಗೆರೆ ಕೊಂಚ ಬಾಗುತ್ತದೆ. ಮೊದಲ ಕೆಲಸ ಈ ಕಸ ಗುಡಿಸುವುದು.

ಆಮೇಲೆ ಮೂಲೆ ಹುಡುಕಬೇಕು. ದಿಕ್ಕು ಎಲ್ಲಿ ಥಟ್ಟನೆ ಬದಲಾಗುತ್ತದೆಯೋ ಅಲ್ಲಿ ಮೂಲೆಯಿದೆ ಎನ್ನಬಹುದು. ಆದರೆ ನಡುಗಿದ ಕಡೆಯಲ್ಲೂ ದಿಕ್ಕು ಬದಲಾಗುತ್ತದಲ್ಲ! 2001ರಲ್ಲಿ ಎಂಐಟಿಯ ಮೆಟಿನ್ ಸೆಜ್ಗಿನ್, ರ‍್ಯಾಂಡಲ್ ಡೇವಿಸ್ ಮುಂತಾದವರು ವೇಗವನ್ನೂ ಲೆಕ್ಕಕ್ಕೆ ತಂದರು. ಚೌಕ ಬರೆಯುವ ಕೈ ಮೂಲೆ ಬಂದಾಗ ತನಗೆ ತಾನೇ ನಿಧಾನವಾಗುತ್ತದೆ. ದಿಕ್ಕೂ ಬದಲಾಗಿ ವೇಗವೂ ತಗ್ಗಿದ ಜಾಗ ಬೇಕೆಂದೇ ಮಾಡಿದ ಮೂಲೆ. ವೇಗ ತಗ್ಗದೆ ದಿಕ್ಕು ಮಾತ್ರ ಅಲುಗಾಡಿದ್ದರೆ ಬರೀ ನಡುಕವಿರಬಹುದು. ಕಾಗದದ ಮೇಲಿನ ಚಿತ್ರದಲ್ಲಿ ಈ ಸುಳಿವು ಸಿಗುವುದಿಲ್ಲ. ಬರೆಯುವಾಗಲೇ ನೋಡುವ ಯಂತ್ರಕ್ಕೆ ಮಾತ್ರ ದಕ್ಕುವ ಲಾಭ ಇದು.

ಮೂಲೆಯ ಗೊಡವೆಗೇ ಹೋಗದೆ ಆಕೃತಿ ಗುರುತಿಸುವ ಒಂದು ಜಾಣ ಲೆಕ್ಕವೂ ಇದೆ. ಲಿಸ್ಬನ್ನಿನ ಮಾನ್ವೆಲ್ ಫೊನ್ಸೆಕಾ, ಜೋಕಿಂ ಜಾರ್ಜ್ ಅವರು 2000ದ ಸುಮಾರಿಗೆ ಇದನ್ನು ಚೆನ್ನಾಗಿ ಬಳಸಿದರು. ಆಕೃತಿಯ ಸುತ್ತಳತೆಯನ್ನು ವರ್ಗ ಮಾಡಿ ವಿಸ್ತೀರ್ಣದಿಂದ ಭಾಗಿಸಿ. ಚೌಕಕ್ಕೆ ಉತ್ತರ 16. ಅದು ಚಿಕ್ಕದಿರಲಿ ದೊಡ್ಡದಿರಲಿ, ತಿರುಗಿ ಕೂತಿರಲಿ, 16ಕ್ಕೆ 16. ಸಮಬಾಹು ತ್ರಿಭುಜಕ್ಕೆ 20.78. ವೃತ್ತಕ್ಕೆ 12.57; ಇದಕ್ಕಿಂತ ಕಡಿಮೆ ಯಾವ ಆಕೃತಿಗೂ ಬರಲಾರದು. ಎಂಟನೆಯ ತರಗತಿಯ ಹುಡುಗಿಯೂ ಮಾಡಬಹುದಾದ ಲೆಕ್ಕ. ಗೀಚಿದ್ದಕ್ಕೆ 13ರ ಆಸುಪಾಸು ಬಂದರೆ ವೃತ್ತ ಎನ್ನಲು ಅಡ್ಡಿಯಿಲ್ಲ, ಅನ್ನಿಸುತ್ತದೆ. ಆದರೆ ಷಡ್ಭುಜದ ಉತ್ತರ 13.86, ಅದೂ ಹತ್ತಿರದಲ್ಲೇ ನಿಂತಿದೆ. ಅಗಲದ ಎರಡರಷ್ಟು ಉದ್ದದ ಆಯತಕ್ಕೆ 18. ಅದನ್ನು ಇನ್ನಷ್ಟು ಉದ್ದ ಮಾಡಿದರೆ ತ್ರಿಭುಜದ ಉತ್ತರವನ್ನೇ ಮುಟ್ಟುತ್ತದೆ. ಹಾಗಾಗಿ ಒಂದು ಸಂಖ್ಯೆ ಸಾಲದು. ಆಕೃತಿಯೊಳಗೆ ಹಿಡಿಸುವ ಅತಿ ದೊಡ್ಡ ತ್ರಿಭುಜ ಎಷ್ಟು, ಅದನ್ನು ಸುತ್ತುವರಿಯುವ ಅತಿ ಚಿಕ್ಕ ಆಯತ ಎಷ್ಟು ಎಂದು ಇನ್ನೂ ನಾಲ್ಕಾರು ಅಳತೆ ತೆಗೆದು ತೀರ್ಮಾನಿಸಬೇಕು.

ಇಂಥ ಅಳತೆಗಳ ದಾರಿಯನ್ನು ಮೊದಲು ಹಸನು ಮಾಡಿದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ರುಬೀನ್. 1991ರಲ್ಲಿ ಅವರು ಒಂದೊಂದು ಗೀಚಿನಿಂದ 13 ಅಳತೆಗಳನ್ನು ತೆಗೆದು ಗುರುತಿಸುವ ವಿಧಾನ ಪ್ರಕಟಿಸಿದರು. 2007ರಲ್ಲಿ ಬೇರೆಯವರಿಂದ ಇನ್ನೂ ಸರಳವಾದದ್ದು ಬಂತು. ಗೆರೆಯನ್ನು ಸಮದೂರದ 64 ಬಿಂದುಗಳಾಗಿ ಒಡೆದು, ತಿರುಗಿಸಿ, ಒಂದೇ ಗಾತ್ರಕ್ಕೆ ತಂದು, ಮಾದರಿಗಳ ಜೊತೆ ಬಿಂದುವಿಗೆ ಬಿಂದು ಹೋಲಿಸುವುದು. ಸುಮಾರು ನೂರು ಸಾಲಿನ ಪ್ರೋಗ್ರಾಮು. ಅಗ್ಗವೆಂದು ತೋರಿಸಲೆಂದೇ ಅದಕ್ಕೆ ‘ಒನ್ ಡಾಲರ್ ರೆಕಗ್ನೈಸರ್’ ಎಂದು ಹೆಸರಿಟ್ಟರು. ಇವತ್ತು ಮಾದರಿಗಳನ್ನು ನೋಡಿ ತಾವೇ ಕಲಿಯುವ ನರಜಾಲಗಳು (ನ್ಯೂರಲ್ ನೆಟ್‌ವರ್ಕ್) ಬಂದಿವೆ. ಆಟವಾಡುತ್ತ ಜನ ಗೀಚಿದ ಐದು ಕೋಟಿ ಚಿತ್ರಗಳನ್ನು ಗೂಗಲ್ ‘ಕ್ವಿಕ್ ಡ್ರಾ’ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಬರೀ ವೃತ್ತ, ಚೌಕ, ಬಾಣದ ಗುರುತು ಹಿಡಿಯಲು ಅಷ್ಟೆಲ್ಲ ಬೇಕೇ ಎಂಬುದು ಬೇರೆ ಮಾತು.

100, 104, 108

ಗುರುತಿಸುವುದು ಮುಗಿಯಿತು ಎನ್ನಿ. ಈಗ ಹೊಂದಿಸಬೇಕು. ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವರಿಗೆ ಈ ಕಷ್ಟವಿಲ್ಲ. ಮೊದಲೇ ಚುಕ್ಕಿ ಇಟ್ಟಾಗಿದೆ. ಎಳೆ ನಡುವೆ ಕೊಂಚ ಅಲುಗಿದರೂ ತಲುಪಬೇಕಾದ ಜಾಗ ಗೊತ್ತು. ಬರಿಯ ಪರದೆಯ ಮೇಲೆ ಬರೆದ ಚಿತ್ರದಲ್ಲಿ ಯಂತ್ರ ಎಳೆಗಳನ್ನು ನೋಡಿ, ಚುಕ್ಕಿಗಳು ಎಲ್ಲಿದ್ದಿರಬಹುದೆಂದು ಹಿಮ್ಮುಖವಾಗಿ ಊಹಿಸಬೇಕು.

ಒಂದರ ಕೆಳಗೊಂದು ಮೂರು ಚೌಕಟ್ಟು ಬರೆದಿದ್ದೀರಿ. ಅವುಗಳ ಎಡ ಅಂಚುಗಳು ಪರದೆಯ 100, 104, 108ನೆಯ ಪಿಕ್ಸೆಲ್‌ನಲ್ಲಿವೆ. 5 ಪಿಕ್ಸೆಲ್ ಒಳಗಿನ ವ್ಯತ್ಯಾಸವೆಲ್ಲ ಕೈತಪ್ಪು ಎಂಬುದು ಯಂತ್ರದ ನಿಯಮ. ಮೊದಲನೆಯದೂ ಎರಡನೆಯದೂ ಒಂದೇ ಸಾಲು. ಎರಡನೆಯದೂ ಮೂರನೆಯದೂ ಒಂದೇ ಸಾಲು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ 8 ಪಿಕ್ಸೆಲ್ ಇರುವುದರಿಂದ ಅವು ಬೇರೆ ಬೇರೆ ಸಾಲು! ಮೂರನ್ನೂ ಒಂದೇ ಸಾಲಿಗೆ ತರೋಣವೆಂದರೆ, 112, 116, 120 ಎಂದು ಇನ್ನೂ ಚೌಕಟ್ಟುಗಳು ಬಂದಾಗ ಏನು ಮಾಡುವುದು? ನೀವು ಬೇಕೆಂದೇ ಮೆಟ್ಟಿಲು ಮೆಟ್ಟಿಲಾಗಿ ಜರುಗಿಸಿ ಬರೆದದ್ದು ಗೋಡೆಯಾಗಿ ನಿಲ್ಲುತ್ತದೆ. ‘ಹತ್ತಿರ’ ಎಂಬ ಸಂಬಂಧ ಕೈಯಿಂದ ಕೈಗೆ ಸಾಗುತ್ತ ಹೋಗಿ ದೂರವಾಗುತ್ತದೆ ಎಂಬುದೇ ಈ ಸಮಸ್ಯೆಯ ಬೇರು.

1985ರಲ್ಲಿ ಥಿಯೋ ಪಾವ್ಲಿಡಿಸ್ ಮತ್ತು ಕ್ರಿಸ್ಟೋಫರ್ ವ್ಯಾನ್ ವಿಕ್ ಇದಕ್ಕೆ ಒಂದು ಮದ್ದು ಸೂಚಿಸಿದರು. ಚಿತ್ರ ಪೂರ್ತಿಯಾಗಲಿ. ಆಮೇಲೆ ಅದರಲ್ಲಿರುವ ಓರೆಗಳನ್ನು, ಉದ್ದಗಳನ್ನು, ತುದಿಗಳನ್ನು ಗುಂಪು ಮಾಡಿ. ಯಾವ ಗುಂಪು ಒತ್ತಾಗಿದೆಯೋ ಅದನ್ನು ಒಂದು ಮಾಡಿ, ಚದುರಿದ್ದನ್ನು ಬಿಟ್ಟುಬಿಡಿ. ತತ್ವ ಚೆನ್ನಾಗಿದೆ. ಆದರೆ ಒಂದು ಗೆರೆಯನ್ನು ಲಂಬ ಮಾಡಿದರೆ ಅದರ ತುದಿ ಸರಿಯುತ್ತದೆ, ತುದಿ ಸರಿದರೆ ಅದಕ್ಕೆ ಅಂಟಿದ ಇನ್ನೊಂದು ಗೆರೆಯ ಓರೆ ಬದಲಾಗುತ್ತದೆ, ಆ ಓರೆ ಮತ್ತೊಂದಕ್ಕೆ ಸಮಾನಾಂತರವಾಗಿದ್ದರೆ ಆ ಸಂಬಂಧ ಕಡಿಯುತ್ತದೆ. ಎಲ್ಲ ಷರತ್ತನ್ನೂ ಒಟ್ಟಿಗೆ ಪೂರೈಸುವ ಉತ್ತರವೇ ಕೆಲವೊಮ್ಮೆ ಇರುವುದಿಲ್ಲ. ಆಗ ಯಾವುದನ್ನು ಬಿಡಬೇಕು? ಗಣಿತ ಇದಕ್ಕೆ ಉತ್ತರ ಕೊಡದು, ಬರೆದವರನ್ನೇ ಕೇಳಬೇಕು.

ಗೆರೆ ಎಳೆದೆಳೆದಂತೆ ತಿದ್ದುತ್ತ ಹೋದರೆ ಬೇರೆ ಅಪಾಯ. ಮೊದಲ ಗೆರೆಯನ್ನು ತಪ್ಪಾಗಿ ತಿದ್ದಿದರೆ ಎರಡನೆಯದು ಅದಕ್ಕೆ ಹೊಂದಿಕೊಳ್ಳುತ್ತದೆ, ಮೂರನೆಯದು ಎರಡನೆಯದಕ್ಕೆ. ಜೊತೆಗೆ ಅಳತೆಯ ಪ್ರಶ್ನೆಯೂ ಇದೆ. ಒಂದು ಸೆಂಟಿಮೀಟರ್ ಅಗಲದ ಸುತ್ತಿನಲ್ಲಿ ಮೂರು ಮಿಲಿಮೀಟರ್ ಬಿರುಕಿದ್ದರೆ ಅದು ಮುಚ್ಚಬಾರದ ಬಿರುಕು. ತರಗತಿಯ ದೊಡ್ಡ ಬೋರ್ಡಿನ ಮೇಲೆ ಮೊಳದಗಲದ ವೃತ್ತದಲ್ಲಿ ಅಷ್ಟೇ ಬಿರುಕಿದ್ದರೆ ಅದು ಕೈತಪ್ಪು. ಪಿಕ್ಸೆಲ್ ಎಣಿಸಿ ನಿಯಮ ಮಾಡಿದವರು ಇಲ್ಲಿ ಎಡವುತ್ತಾರೆ.

ನ್ಯೂಟನ್ ಕಲಿಸಿದ್ದು

ಈ ಊಹೆಯ ಕಂಪ್ಯೂಟರನ್ನು ಜನರ ಜೇಬಿಗೆ ಹಾಕಲು ಹೊರಟದ್ದು ಆಪಲ್. 1993ರ ಆಗಸ್ಟ್‌ನಲ್ಲಿ ‘ನ್ಯೂಟನ್ ಮೆಸೇಜ್‌ಪ್ಯಾಡ್’ ಮಾರುಕಟ್ಟೆಗೆ ಬಂತು. ಬೆಲೆ 699 ಡಾಲರ್. ಅದರ ಕೈಬರಹ ಓದುವ ಶಕ್ತಿ ನಗೆಪಾಟಲಾಯಿತು. ‘ಡೂನ್ಸ್‌ಬರಿ’ ವ್ಯಂಗ್ಯಚಿತ್ರ ಮಾಲಿಕೆ ಅದನ್ನು ದಿನಗಟ್ಟಲೆ ಗೇಲಿ ಮಾಡಿತು, ‘ದಿ ಸಿಂಪ್ಸನ್ಸ್’ ಧಾರಾವಾಹಿಯೂ ಬಿಡಲಿಲ್ಲ. ಈ ಗದ್ದಲದಲ್ಲಿ ಅದರ ಇನ್ನೊಂದು ಮುಖವನ್ನು ಹೆಚ್ಚಿನವರು ಮರೆತರು. ನ್ಯೂಟನ್ ಆಕೃತಿಗಳನ್ನೂ ಗುರುತಿಸುತ್ತಿತ್ತು. ಗೆರೆ ನೆಟ್ಟಗಾಗುತ್ತಿತ್ತು, ವೃತ್ತ ದುಂಡಗಾಗುತ್ತಿತ್ತು, ಸೊಟ್ಟ ಬಹುಭುಜ ಎರಡೂ ಕಡೆ ಸಮನಾಗುತ್ತಿತ್ತು. ಹಾವು ಹರಿದಂತೆ ಅಡ್ಡಾದಿಡ್ಡಿ ಗೀಚಿದರೆ ಅಡಿಯಲ್ಲಿದ್ದದ್ದು ಹೊಗೆಯ ಉಂಡೆಯಾಗಿ ಮಾಯವಾಗುತ್ತಿತ್ತು. ಅಕ್ಷರ ಓದು, ಆಕೃತಿ ಗುರುತಿಸು ಎಂಬ ಎರಡು ಗುಂಡಿಗಳನ್ನು ಬೇಕಾದಂತೆ ಒತ್ತಿಕೊಳ್ಳಬಹುದಿತ್ತು. ಎರಡನ್ನೂ ಒಟ್ಟಿಗೆ ಒತ್ತಿಟ್ಟರೆ ಫಜೀತಿ ಶುರು: ಈಗ ಬರೆದ ಸುತ್ತು ಇಂಗ್ಲಿಷಿನ ‘ಓ’ ಅಕ್ಷರವೋ, ಸೊನ್ನೆಯೋ, ಚಿತ್ರದ ವೃತ್ತವೋ?

1998ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ನ್ಯೂಟನ್ನನ್ನು ನಿಲ್ಲಿಸಿದರು. 2007ರಲ್ಲಿ ಐಫೋನ್ ಪರಿಚಯಿಸುವಾಗ ಸ್ಟೈಲಸ್ ಪೆನ್ನು ಯಾರಿಗೆ ಬೇಕು ಎಂದು ಮೂದಲಿಸಿದರು. 2015ರಲ್ಲಿ ಅದೇ ಕಂಪನಿ ‘ಪೆನ್ಸಿಲ್’ ಎಂಬ ಡಿಜಿಟಲ್ ಪೆನ್ನು ಮಾರತೊಡಗಿತು. ಪೆನ್ನಿಗೆ ಸಾವಿಲ್ಲ.

ನ್ಯೂಟನ್ ಎಡವಿದ ಹೊತ್ತಿಗೇ ಸಂಶೋಧಕರು ಬೇರೆ ದಾರಿ ಹುಡುಕಿದ್ದರು. 1997ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕೆಯೊ ಇಗರಾಶಿ ಮತ್ತು ಜೊತೆಗಾರರು ‘ಪೆಗಾಸಸ್’ ಮಾಡಿದರು. ಗೆರೆ ಎಳೆದರೆ ಅದು ಒಂದೇ ತೀರ್ಪು ಕೊಡದೆ, ಇದಕ್ಕೆ ಸಮಾನಾಂತರವಾಗಿಸಲೇ, ಅದಕ್ಕೆ ಲಂಬವಾಗಿಸಲೇ, ಆ ತುದಿಗೆ ಕೂಡಿಸಲೇ ಎಂದು ಹಲವು ಸಾಧ್ಯತೆಗಳನ್ನು ತೋರಿಸುತ್ತಿತ್ತು. ಬೇಕಾದದ್ದನ್ನು ಮುಟ್ಟಿ ಆರಿಸಿಕೊಳ್ಳಬಹುದಿತ್ತು. ಅದಕ್ಕೂ ಮುಂಚೆ ಜೇಮ್ಸ್ ಲ್ಯಾಂಡೆ ಮತ್ತು ಬ್ರಾಡ್ ಮೈಯರ್ಸ್ ಅವರ ‘ಸಿಲ್ಕ್’ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಿತ್ತು. ತಂತ್ರಾಂಶದ ಪರದೆಗಳನ್ನು ವಿನ್ಯಾಸ ಮಾಡುವವರಿಗಾಗಿ ಮಾಡಿದ ಸಾಧನ ಅದು. ಗೀಚಿದ್ದರಲ್ಲಿ ಇದು ಗುಂಡಿ, ಇದು ಪಟ್ಟಿ ಎಂದು ಒಳಗೊಳಗೇ ಗುರುತಿಸಿಕೊಳ್ಳುತ್ತಿತ್ತು, ಹೊರಗೆ ಗೆರೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಕರಡು ನಕ್ಷೆ ಅಚ್ಚುಕಟ್ಟಾಗಿ ಕಂಡೊಡನೆ ನೋಡುವವರು ಮೂಲ ವಿಚಾರ ಬಿಟ್ಟು ಬಣ್ಣ, ಅಂಚು, ಅಳತೆಗಳ ಚರ್ಚೆಗೆ ಇಳಿಯುತ್ತಾರೆ ಎಂಬುದು ಅವರ ತರ್ಕ. ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಕಾಗದದ ಚೂರಿನ ಮೇಲೆ ಗೀಚಿದ ನಕ್ಷೆಯನ್ನು ಮನೆಯವರೆಲ್ಲ ಧೈರ್ಯವಾಗಿ ತಿದ್ದುತ್ತಾರೆ. ಎಂಜಿನಿಯರು ಪ್ರಿಂಟ್ ತೆಗೆದು ತಂದದ್ದರ ಮುಂದೆ ಬಾಯಿ ಬಿಡುವುದಿಲ್ಲ.

ಸೊನ್ನೆಯ ನಾಡಿನಲ್ಲಿ

ನ್ಯೂಟನ್ನಿನ ‘ಓ’ ಸಮಸ್ಯೆ ಕನ್ನಡದಲ್ಲಿ ಇನ್ನಷ್ಟು ಗೋಜಲು. ನಮ್ಮ ಲಿಪಿಯೇ ದುಂಡಗಿನದು. ಒಂದು ಪುಟ್ಟ ಸುತ್ತು ಅನುಸ್ವಾರವಾಗಬಹುದು, ಕನ್ನಡ ಅಂಕಿಯ ಸೊನ್ನೆಯಾಗಬಹುದು, ಒಳಗೆ ಚುಕ್ಕಿ ಬೀಳುವುದಕ್ಕೆ ಮುಂಚಿನ ‘ಠ’ ಆಗಬಹುದು, ಗಣಿತದ ವೃತ್ತವೂ ಆಗಬಹುದು. ಚಿತ್ರದ ಪಕ್ಕದಲ್ಲೇ ವಿವರಣೆ ಬರೆಯುವ ಮೇಷ್ಟ್ರ ಪುಟದಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಪೆನ್ನಿನಲ್ಲಿ ಬರೆದ ಕನ್ನಡವನ್ನು ಓದಿಸುವ ಕೆಲಸ ಮಾಡಿದೆ. ಬೆಂಗಳೂರಿನಲ್ಲೇ ಇದ್ದ ಎಚ್‌ಪಿ ಲ್ಯಾಬ್ಸ್ ಇಂಡಿಯಾ ‘ಲಿಪಿ ಟೂಲ್‌ಕಿಟ್’ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತ್ತು. ಅದು ಅಕ್ಷರವನ್ನೂ ಒಂದು ಆಕೃತಿ ಎಂದೇ ನೋಡುತ್ತದೆ, ಮಾದರಿ ಕೊಟ್ಟರೆ ಯಾವ ಲಿಪಿಯನ್ನಾದರೂ ಕಲಿಯುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಕಂಪನಿ ಸೇರಿ ಜನಸಾಮಾನ್ಯರಿಗಾಗಿ ರೂಪಿಸಿದ ಅಂಗೈಯಗಲದ ಕಂಪ್ಯೂಟರು ಅದು. 2004ರಲ್ಲಿ ಮಾರುಕಟ್ಟೆಗೆ ಬಂದ ‘ಅಮಿಡಾ’ ಮಾದರಿಯನ್ನು ಬಿಇಎಲ್ ತಯಾರಿಸುತ್ತಿತ್ತು. ಅದರಲ್ಲಿ ‘ಖತ್‌ಚಾಟ್’ ಎಂಬ ಸೌಲಭ್ಯವಿತ್ತು: ಪರದೆಯ ಮೇಲೆ ಕನ್ನಡವೋ ತಮಿಳೋ ಚಿತ್ರವೋ ಏನನ್ನಾದರೂ ಗೀಚಿ, ಗೀಚಿದ ಹಾಗೆಯೇ ಇಮೇಲ್ ಮಾಡುವುದು. ಯಂತ್ರ ಓದುವ ಉಸಾಬರಿಗೆ ಹೋಗುತ್ತಿರಲಿಲ್ಲ. ಓದುವ ಕೆಲಸವನ್ನು ಓದಬಲ್ಲ ಮನುಷ್ಯನಿಗೇ ಬಿಟ್ಟಿತ್ತು. ಸಿಂಪ್ಯೂಟರ್ ವ್ಯಾಪಾರದಲ್ಲಿ ಸೋತಿತು. ಈ ಒಂದು ತೀರ್ಮಾನದಲ್ಲಿ ಅದು ನ್ಯೂಟನ್ನಿಗಿಂತ ಜಾಣತನ ತೋರಿಸಿತ್ತು ಎಂದೇ ನನ್ನ ಎಣಿಕೆ.

ಈಚಿನ ಒಂದು ಪರಿಹಾರ ಮಾತ್ರ ಈ ಎಲ್ಲ ಜಗಳವನ್ನೂ ಬಹುಮಟ್ಟಿಗೆ ತಣ್ಣಗೆ ಮಾಡಿದೆ. ಆಕೃತಿ ಬರೆದು ಮುಗಿಸಿದ ಮೇಲೆ ಪೆನ್ನನ್ನು ಎತ್ತದೆ ಅರೆಕ್ಷಣ ಅಲ್ಲೇ ಊರಿ ನಿಲ್ಲಿಸಿದರೆ ಯಂತ್ರ ತಿದ್ದುತ್ತದೆ. ಎತ್ತಿಬಿಟ್ಟರೆ ಗೀಚಿದ್ದು ಗೀಚಿದಂತೆ ಉಳಿಯುತ್ತದೆ. ಐಪ್ಯಾಡ್‌ನಲ್ಲಿ ಇದು 2020ರ ತಂತ್ರಾಂಶದೊಂದಿಗೆ ಬಂತು. ಕಲಾವಿದರು ಬಳಸುವ ‘ಪ್ರೊಕ್ರಿಯೇಟ್’ನಲ್ಲಿ ಪೆನ್ನನ್ನು ನಿಲ್ಲಿಸಿದರೆ ದೀರ್ಘವೃತ್ತ, ಅದರ ಜೊತೆಗೆ ಇನ್ನೊಂದು ಬೆರಳಿಟ್ಟರೆ ಕರಾರುವಾಕ್ಕಾದ ವೃತ್ತ. ತಿದ್ದಿದ್ದು ಪೆನ್ನೆತ್ತುವ ಮುಂಚೆಯೇ ಕಣ್ಣಿಗೆ ಕಾಣುವುದರಿಂದ ಒಪ್ಪುವುದೂ ಬಿಡುವುದೂ ಬರೆಯುವವರ ಕೈಯಲ್ಲೇ ಇದೆ. ಊಹೆಯ ಗಣಿತ ಒಂದಿಷ್ಟೂ ಬದಲಾಗಿಲ್ಲ, ಯಾವಾಗ ಊಹಿಸಬೇಕು ಎಂಬುದು ಬದಲಾಗಿದೆ. ಸದರ್ಲೆಂಡ್ ಎಡಗೈಗೆ ಕೊಟ್ಟಿದ್ದ ಗುಂಡಿ ಪೆನ್ನಿನ ತುದಿಗೇ ಬಂದಿದೆ ಎನ್ನಿ.

ಶಾಲೆಗಳಿಗೆಂದು ಡಿಜಿಟಲ್ ಬೋರ್ಡುಗಳನ್ನೂ ಕಲಿಕೆಯ ಆ್ಯಪ್‌ಗಳನ್ನೂ ಮಾಡುತ್ತಿರುವ ನಮ್ಮ ತಂತ್ರಜ್ಞರು ಇಷ್ಟನ್ನು ಪಾಲಿಸಬೇಕು: ಕೇಳದೆ ತಿದ್ದುವ ವ್ಯವಸ್ಥೆಯನ್ನು ಮೊದಲಿಗೆ ಆಫ್ ಮಾಡಿಟ್ಟೇ ಕೊಡಿ, ತಿದ್ದಿದರೂ ಮೂಲ ಗೆರೆಯನ್ನು ಎಸೆಯಬೇಡಿ, ಅಂಚುಗಳನ್ನು ಸಾಲಿಗೆ ತರುವ ಮುನ್ನ ಸಾಲಿನ ಗುರುತು ತೋರಿಸಿ ಒಪ್ಪಿಗೆ ಪಡೆಯಿರಿ. ಇನ್ನು ಬಳಸುವ ಶಿಕ್ಷಕರಿಗೆ ಒಂದು ಮಾತು. ನಿಮ್ಮ ಬೋರ್ಡು ತಾನಾಗಿ ಗೆರೆ ತಿದ್ದುತ್ತಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಆಕೃತಿ ಗುರುತಿಸುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿಬಿಡಿ. ಆಯತ, ತ್ರಿಭುಜಗಳ ಪಾಠವಿದ್ದ ದಿನ ಮತ್ತೆ ಹಾಕಿಕೊಂಡರಾಯಿತು.